ಮನೆಯೂ ಮನೆಯ ಕಾಗದಗಳೂ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಈ ಗಾದೆಯನ್ನು ಹೇಳಿದ ಹಿರಿಯರು ಮನೆ ಕೊಂಡು ನೋಡು ಎಂದು ಮಾತ್ರ ಹೇಳಲಿಲ್ಲ. ಅವರ ಕಾಲದಲ್ಲಿ ಮನೆಯು ತಂದೆಯಿಂದ ಮಗನಿಗೆ ಬರುತ್ತಿತ್ತು. ಇಲ್ಲವೆ ಊರವರೆಲ್ಲರೂ ಬಲ್ಲ ನೆಲದ ಮೇಲೆ ಯಜಮಾನನು ತಾನೇ ನಿಂತು ಕಟ್ಟಿಸುತ್ತಿದ್ದನು. ಯಾರ ಹಿತ್ತಿಲು ಎಲ್ಲಿಗೆ ಮುಗಿಯುವುದು, ಯಾವ ಗೋಡೆಯಲ್ಲಿ ಯಾರಿಗೆ ಪಾಲು ಎಂಬುದು ಕೇರಿಗೆಲ್ಲ ತಿಳಿದಿತ್ತು. ಇಂದು ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಮನೆ ಕೊಳ್ಳುವ ಗೃಹಸ್ಥನು ತಾನು ಹಿಂದೆಂದೂ ಕಾಣದ ನೆಲವನ್ನು, ತನಗೆ ಪರಿಚಯವಿಲ್ಲದ ಮನುಷ್ಯನಿಂದ, ಇಪ್ಪತ್ತು ವರ್ಷಗಳವರೆಗೆ ತೀರಿಸಬೇಕಾದ ಸಾಲದ ಹಣದಿಂದ ಕೊಳ್ಳುತ್ತಾನೆ. ಹಿಂದೆ ಕೇರಿಯ ನೆನಪು ಮಾಡುತ್ತಿದ್ದ ಕೆಲಸವನ್ನು ಈಗ ಕಾಗದಗಳು ಮಾಡಬೇಕಾಗಿದೆ. ಆದಕಾರಣ ಈ ದಿನ ಮನೆಯ ಅಂದಚಂದಗಳ ವಿಷಯವನ್ನು ಬಿಟ್ಟು, ಮನೆಯ ಕಾಗದಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ನಾವು ಬಲ್ಲ ನಿವೃತ್ತ ಉಪಾಧ್ಯಾಯರೊಬ್ಬರು ಸೇವೆಯಿಂದ ಬಿಡುಗಡೆಯಾದಾಗ ಬಂದ ಹಣವನ್ನೂ ಮನೆಯಾಕೆಯ ಒಡವೆಯನ್ನು ಮಾರಿ ಬಂದ ಹಣವನ್ನೂ ಕೂಡಿಸಿ, 2018ರಲ್ಲಿ ಒಂದು ಹಳೆಯ ಬಡಾವಣೆಯಲ್ಲಿ ಮನೆ ಕೊಂಡರು. ಅವರು ಅಜಾಗರೂಕರಲ್ಲ. ಮಾರುವವರ ಹೆಸರಿನಲ್ಲಿ ಖಾತೆಯಿತ್ತು. ಹತ್ತು ವರ್ಷಗಳ ಕಂದಾಯದ ರಸೀದಿಗಳು ಕ್ರಮವಾಗಿದ್ದವು. ಮನೆಯ ಮೇಲೆ ಅಡಮಾನವಿರಲಿಲ್ಲ. ಬ್ಯಾಂಕು ಉಳಿದ ಹಣವನ್ನು ಸಾಲವಾಗಿ ಕೊಡಲು ಒಪ್ಪಿತು. ಮಾರಿದವರಿಗೆ ಆ ಮನೆ 2007ರಲ್ಲಿ ಅಣ್ಣತಮ್ಮಂದಿರ ನಡುವೆ ನಡೆದ ವಿಭಾಗದಿಂದ ಬಂದದ್ದು, ವಿಭಾಗಪತ್ರವೂ ರಿಜಿಸ್ಟರಾಗಿತ್ತು. ಗೃಹಪ್ರವೇಶವಾಗಿ ಮೂರು ವರ್ಷಗಳಾದ ಮೇಲೆ ನ್ಯಾಯಾಲಯದಿಂದ ಸಮನ್ಸು ಬಂದಿತು. ಆ ಅಣ್ಣತಮ್ಮಂದಿರಿಗೆ ಇಬ್ಬರು ಅಕ್ಕತಂಗಿಯರಿದ್ದರು. ವಿಭಾಗಪತ್ರದಲ್ಲಿದ್ದ ಹೆಸರುಗಳನ್ನು ನಮ್ಮ ಉಪಾಧ್ಯಾಯರು ಓದಿದ್ದರು. ಅದರಲ್ಲಿ ಇಲ್ಲದ ಹೆಸರುಗಳು ಅವರಿಗೆ ಕಾಣಲಿಲ್ಲ.

ಆ ಹೆಣ್ಣುಮಕ್ಕಳು ಅನ್ಯಾಯ ಮಾಡಿದರೆಂದು ನಾವು ಹೇಳಲಾರೆವು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದ ಬಂದಿದೆ. ಕರ್ನಾಟಕದಲ್ಲಿ 1994ರಲ್ಲಿಯೇ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕೊಡಲಾಗಿತ್ತು. ತಂದೆಯು 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. 2004ನೆಯ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಮುಗಿದ ವಿಭಾಗಗಳಿಗೆ ಮಾತ್ರ ಈ ತಿದ್ದುಪಡಿಯಿಂದ ಬಾಧಕವಿಲ್ಲ. ಉಪಾಧ್ಯಾಯರು ಈಗಲೂ ಅದೇ ಮನೆಯಲ್ಲಿದ್ದಾರೆ. ಆದರೆ ಅದನ್ನು ಮಾರಲಾರರು, ಅದರ ಮೇಲೆ ಸಾಲವೆತ್ತಲಾರರು, ಮಕ್ಕಳಿಗೆ ಇದು ನಿಮ್ಮದು ಎಂದು ಧೈರ್ಯವಾಗಿ ಹೇಳಲಾರರು.

ಇದರಿಂದ ನಾವು ಕಲಿಯತಕ್ಕ ಪಾಠವೇನು? ಅವರ ಬಳಿ ಕಾಗದಗಳು ಕಡಿಮೆಯಿದ್ದವೆಂದಲ್ಲ. ಒಂದು ಕಾಗದಕ್ಕೆ ಕೇಳಬೇಕಾದ ಪ್ರಶ್ನೆಯನ್ನು ಅವರು ಇನ್ನೊಂದು ಕಾಗದಕ್ಕೆ ಕೇಳಿದರು. ಒಂದೊಂದು ಕಾಗದವೂ ಒಬ್ಬೊಬ್ಬ ಸಾಕ್ಷಿಯಿದ್ದಂತೆ. ಒಬ್ಬ ಸಾಕ್ಷಿಗೆ ಗೊತ್ತಿರುವುದು ಒಂದೇ ಸಂಗತಿ. ಆ ಸಂಗತಿಯಲ್ಲಿ ಅವನ ಮಾತು ಸತ್ಯ. ಅದನ್ನು ಮೀರಿ ಅವನನ್ನು ನಂಬುವುದು ನಮ್ಮ ತಪ್ಪು. ಈ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸೋಣ.

ಮೊದಲನೆಯದು ಕ್ರಯಪತ್ರ. ಈ ಸ್ವತ್ತು ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಹೇಳುವುದು ಇದು. 1882ನೆಯ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಮಾರಾಟವು ರಿಜಿಸ್ಟರಾದ ಪತ್ರದಿಂದಲೇ ಆಗತಕ್ಕದ್ದು. ಮಾರಾಟದ ಕರಾರುಪತ್ರವು ಕರಾರು ಮಾತ್ರ. ಅದರಿಂದ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲವೆಂದು ಅದೇ ಕಾಯಿದೆ ಹೇಳುತ್ತದೆ. ಹೀಗಿದ್ದರೂ ಕರಾರುಪತ್ರ, ಅಧಿಕಾರಪತ್ರ, ಮರಣಶಾಸನ ಈ ಮೂರನ್ನು ಒಂದು ದಾರದಲ್ಲಿ ಕಟ್ಟಿ, ಕ್ರಯಪತ್ರಕ್ಕೆ ಬದಲಾಗಿ ಕೊಟ್ಟು ಹಣ ತೆಗೆದುಕೊಳ್ಳುವ ಪದ್ಧತಿ ಬಹಳ ಕಾಲ ನಡೆಯಿತು. ಇದರಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟವಾಗಿ ಹೇಳಿತು. ಅಧಿಕಾರಪತ್ರದ ಬಲದಿಂದ ಯಾರಾದರೂ ಕ್ರಯಪತ್ರಕ್ಕೆ ರುಜು ಹಾಕುವುದಾದರೆ, ಆ ಅಧಿಕಾರವನ್ನು ಕೊಟ್ಟವರು ಬದುಕಿದ್ದಾರೆಯೇ, ಅದನ್ನು ಹಿಂದೆಗೆದುಕೊಂಡಿಲ್ಲವೇ ಎಂಬುದನ್ನು ವಿಚಾರಿಸಿಯೇ ಮುಂದುವರಿಯಬೇಕು. ಅಧಿಕಾರ ಕೊಟ್ಟವನು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅವನೊಡನೆ ತೀರಿತು.

ಒಂದು ಕ್ರಯಪತ್ರವನ್ನು ನೋಡಿದರೆ ಸಾಲದು. ಇಂದು ಮಾರುವವನಿಗೆ ಯಾರಿಂದ ಬಂತು, ಅವನಿಗೆ ಯಾರಿಂದ ಬಂತು ಎಂದು ಮೂಲಪತ್ರದವರೆಗೆ ಹಿಂದಕ್ಕೆ ನಡೆಯಬೇಕು. ಕಡಮೆಯೆಂದರೆ ಮೂವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗುವುದು ಬಲ್ಲವರ ಪದ್ಧತಿ. ಸರಪಳಿಯಲ್ಲಿ ಒಂದು ಕೊಂಡಿ ಕಾಣದಿದ್ದರೆ ಉಳಿದ ಕೊಂಡಿಗಳ ಗಟ್ಟಿತನದಿಂದ ಪ್ರಯೋಜನವಿಲ್ಲ. ನಡುವೆ ಎಲ್ಲಿಯಾದರೂ ವಿಭಾಗ ಅಥವಾ ಮರಣ ಬಂದಿದ್ದರೆ ಆ ಮನೆತನದ ವಂಶವೃಕ್ಷವನ್ನು ಕೇಳಿ ಪಡೆದು, ಅದರಲ್ಲಿರುವ ಪ್ರತಿಯೊಂದು ಹೆಸರಿಗೂ ಪತ್ರದಲ್ಲಿ ಒಂದು ರುಜುವಿದೆಯೇ ಎಂದು ಬೆರಳಿಟ್ಟು ನೋಡಬೇಕು. ಹೆಣ್ಣುಮಕ್ಕಳ ಹೆಸರನ್ನು ಬಿಟ್ಟ ವಂಶವೃಕ್ಷಗಳೂ ಇರುವುದುಂಟು. ನೆರೆಹೊರೆಯವರನ್ನು ವಿಚಾರಿಸಲು ನಾಚಬಾರದು. ಅಪ್ರಾಪ್ತವಯಸ್ಕರ ಪಾಲು ಇದ್ದರೆ ಇನ್ನೂ ಎಚ್ಚರವಿರಲಿ. ಹಿಂದೂ ಅಪ್ರಾಪ್ತರ ಸ್ವಂತ ಸ್ಥಿರಸ್ವತ್ತನ್ನು ಪೋಷಕನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲವೆಂಬುದು 1956ರ ಕಾಯಿದೆ. ಹಾಗೆ ಮಾರಿದ್ದರೆ ಮಗುವು ದೊಡ್ಡದಾದ ಮೇಲೆ ಮೂರು ವರ್ಷಗಳೊಳಗೆ ಅದನ್ನು ಪ್ರಶ್ನಿಸಬಹುದು.

ಎಲ್ಲ ಪತ್ರಗಳ ಅಸಲನ್ನೇ ನೋಡಬೇಕು. ನಕಲನ್ನು ತೋರಿಸಿ ಅಸಲು ಊರಿನಲ್ಲಿದೆ ಎನ್ನುವವರ ಅಸಲು ಅನೇಕ ವೇಳೆ ಸಾಲ ಕೊಟ್ಟವರ ಪೆಟ್ಟಿಗೆಯಲ್ಲಿರುತ್ತದೆ.

ಎರಡನೆಯ ಸಾಕ್ಷಿ, ಜನರು ಇ.ಸಿ. ಎಂದು ಕರೆಯುವ ಋಣಭಾರ ಪ್ರಮಾಣಪತ್ರ. ಇಂತಿಂಥ ಅವಧಿಯಲ್ಲಿ ಈ ಸ್ವತ್ತಿನ ಮೇಲೆ ಯಾವ ಯಾವ ಪತ್ರಗಳು ನೋಂದಣಿಯಾದುವು ಎಂಬುದನ್ನು ಇದು ಹೇಳುತ್ತದೆ. ವ್ಯವಹಾರಗಳಿದ್ದರೆ ಹದಿನೈದನೆಯ ನಮೂನೆ, ಇಲ್ಲದಿದ್ದರೆ ಹದಿನಾರನೆಯ ನಮೂನೆ. ಹದಿನಾರನೆಯ ನಮೂನೆ ಕೈಗೆ ಬಂದೊಡನೆ ಸ್ವತ್ತು ನಿರ್ಮಲವೆಂದು ಸಂತೋಷಪಡುವವರು ಅನೇಕರು. ಆದರೆ ನೋಂದಣಿಯಾಗದ ಸಂಗತಿಗಳನ್ನು ಈ ಸಾಕ್ಷಿ ಕಂಡೇ ಇಲ್ಲ. ಬಾಯಿಮಾತಿನ ವಿಭಾಗ, ಮರಣಶಾಸನ, ನಡೆಯುತ್ತಿರುವ ವ್ಯಾಜ್ಯ, ಪತ್ರಗಳನ್ನು ಒತ್ತೆಯಿಟ್ಟು ನೋಂದಣಿ ಮಾಡಿಸದೆ ತೆಗೆದ ಸಾಲ, ಇವು ಯಾವುವೂ ಇದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಬ್ಯಾಂಕುಗಳಿಗೆ ಒತ್ತೆಯಾದ ಸ್ವತ್ತುಗಳಿಗಾಗಿ 2011ರಲ್ಲಿ ಆರಂಭವಾದ ಕೇಂದ್ರ ದಾಖಲೆಯೊಂದು ಬೇರೆ ಇದೆ. ಅಲ್ಪ ಶುಲ್ಕ ಕೊಟ್ಟು ಅದನ್ನೂ ಹುಡುಕಿಸಬಹುದು. ಕರ್ನಾಟಕದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಋಣಭಾರದ ವಿವರ ಗಣಕಯಂತ್ರದಿಂದ ಸುಲಭವಾಗಿ ದೊರೆಯುತ್ತದೆ. ಸುಲಭವಾಗಿ ದೊರೆತಷ್ಟಕ್ಕೇ ತೃಪ್ತರಾಗದೆ, ಅದಕ್ಕೆ ಹಿಂದಿನ ವರ್ಷಗಳದನ್ನೂ ಉಪನೋಂದಣಾಧಿಕಾರಿಯ ಕಚೇರಿಯಿಂದ ತರಿಸತಕ್ಕದ್ದು.

ಮೂರನೆಯ ಸಾಕ್ಷಿ ಖಾತೆ. ಈ ಹೆಸರಿನ ಸುತ್ತ ಬೆಳೆದಿರುವಷ್ಟು ಭ್ರಾಂತಿ ಇನ್ನಾವ ಕಾಗದದ ಸುತ್ತಲೂ ಬೆಳೆದಿಲ್ಲ. ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು ಎಂಬುದಷ್ಟೇ ಖಾತೆಗೆ ಗೊತ್ತು. ಖಾತೆಯು ಒಡೆತನವನ್ನು ಕೊಡುವ ಪತ್ರವಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಬೆಂಗಳೂರಿನಲ್ಲಿ ಎ ಖಾತೆ, ಬಿ ಖಾತೆ ಎಂಬ ಎರಡು ಬಗೆ ಬೆಳೆದು ಬಂದುವು. ಕ್ರಮವಾದ ಅನುಮತಿಯಿಲ್ಲದ ಸ್ವತ್ತುಗಳಿಂದಲೂ ಕಂದಾಯ ಬರಲಿ ಎಂದು ಇಟ್ಟ ಬೇರೆ ಪುಸ್ತಕವೇ ಬಿ ಖಾತೆ. ಬಿ ಖಾತೆಯನ್ನು ಎ ಖಾತೆಗೆ ತರುವ ಯೋಜನೆಯನ್ನು ಸರ್ಕಾರವು 2025ರಲ್ಲಿ ಪ್ರಕಟಿಸಿತು. ನಾಳೆ ಎ ಆಗುತ್ತದೆ ಎಂದು ಹೇಳಿ ಇಂದೇ ಎ ಖಾತೆಯ ಬೆಲೆ ಕೇಳುವವರಿಗೆ, ನಾಳೆಯೇ ಬಂದು ಕೊಳ್ಳುತ್ತೇವೆ ಎಂದು ವಿನಯದಿಂದ ಹೇಳುವುದು ಒಳ್ಳೆಯದು. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಬೇಕೆಂಬ ನಿಯಮ ಬಂದಿದೆ. ಇದರಿಂದ ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಮೋಸ ಕಡಮೆಯಾದೀತು. ಆದರೂ ಇ-ಖಾತೆ ಖಾತೆಯೇ; ಅಕ್ಕತಂಗಿಯರ ಹೆಸರನ್ನು ಅದು ಹುಡುಕಿ ಕೊಡಲಾರದು.

ನಾಲ್ಕನೆಯದು ನೆಲದ ಕಾಗದಗಳು. ಬಡಾವಣೆಯಾಗುವ ಮೊದಲು ಈ ನೆಲ ಏನಾಗಿತ್ತು? 1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳು ಏರ್ಪಟ್ಟುದು ಸರ್ಕಾರವೇ ಅಳೆದು ಹಾಕಿದ ಬೀದಿಗಳ ಮೇಲೆ. 1945ರಲ್ಲಿ ಬೆಂಗಳೂರಿನ ನಗರಾಭಿವೃದ್ಧಿ ಮಂಡಳಿಯೂ, 1976ರಲ್ಲಿ ಅದರ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರವೂ ಬಂದುವು. ಆದರೆ ಊರು ಬೆಳೆದ ವೇಗಕ್ಕೆ ಅವುಗಳ ಅಳತೆಯ ಸರಪಳಿ ಸಾಲಲಿಲ್ಲ. ರಾಗಿಯ ಹೊಲವನ್ನು ಮೂವತ್ತು ನಲವತ್ತರ ತುಂಡುಗಳಾಗಿ ಕೊಯ್ದು, ನಡುವೆ ಮಣ್ಣಿನ ದಾರಿ ಬಿಟ್ಟು ಮಾರಿದ ರೆವೆನ್ಯೂ ಸೈಟುಗಳು ಊರಿನ ಸುತ್ತ ಹಬ್ಬಿದುವು. ವ್ಯವಸಾಯದ ಭೂಮಿಯನ್ನು ವಾಸಕ್ಕೆ ಬಳಸುವುದಕ್ಕೆ 1964ನೆಯ ಭೂಕಂದಾಯ ಕಾಯಿದೆಯ ಪ್ರಕಾರ ಪರಿವರ್ತನೆಯಾಗಿರಬೇಕು. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆಯಿರಬೇಕು. ಪರಿವರ್ತನೆಯ ಆದೇಶವನ್ನು ತೋರಿಸಿದ ಮಾತ್ರಕ್ಕೆ ನಕ್ಷೆಯೂ ಒಪ್ಪಿಗೆಯಾಗಿದೆಯೆಂದು ತಿಳಿಯಬಾರದು.

ಇನ್ನೆರಡು ವಿಷಯಗಳನ್ನು ಇಲ್ಲಿಯೇ ನೋಡಬೇಕು. ಆ ಸರ್ವೆ ನಂಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ, 1978ರ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಆದ ಮಾರಾಟ ನಿಲ್ಲುವುದಿಲ್ಲ. ಬಹಳ ವರ್ಷಗಳಾದುವೆಂಬ ಸಮಾಧಾನಕ್ಕೂ 2023ರ ತಿದ್ದುಪಡಿಯು ಅವಕಾಶವಿಡಲಿಲ್ಲ. ಬಡವನಿಗೆ ಕೊಟ್ಟ ನೆಲ ಬಡವನ ಕೈಯಲ್ಲಿಯೇ ಉಳಿಯಲೆಂದು ಮಾಡಿದ ಈ ಕಾಯಿದೆಯನ್ನು ಕೊಳ್ಳುವವನು ಮೊದಲೇ ಗೌರವಿಸುವುದು ಧರ್ಮ. ಆಮೇಲೆ ಶಪಿಸುವುದರಿಂದ ಫಲವಿಲ್ಲ. ಎರಡನೆಯದು ನೀರಿನ ದಾರಿ. ಹಳೆಯ ಗ್ರಾಮನಕ್ಷೆಯನ್ನು ತರಿಸಿ, ಕೆರೆಯಂಗಳ, ಹಳ್ಳ, ರಾಜಕಾಲುವೆ, ಗುಂಡುತೋಪು, ಖರಾಬು ಎಂದು ಗುರುತಾದ ನೆಲದಲ್ಲಿ ನಮ್ಮ ನಿವೇಶನವಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. 2016ರಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆಯ ಒತ್ತುವರಿಯೆಂದು ಮನೆಗಳನ್ನು ಕೆಡವಿದಾಗ, ಕ್ರಯಪತ್ರವನ್ನೂ ಕಂದಾಯದ ರಸೀದಿಯನ್ನೂ ಕೈಯಲ್ಲಿ ಹಿಡಿದು ಬೀದಿಯಲ್ಲಿ ನಿಂತ ಗೃಹಸ್ಥರಿದ್ದರು. ನಕ್ಷೆಯನ್ನು ನೋಡದವರಿಗೆ 2022ರ ಸೆಪ್ಟೆಂಬರ್ ಮಳೆಯು ನೀರಿನ ಹಳೆಯ ದಾರಿಯನ್ನು ತಾನೇ ತೋರಿಸಿತು.

ಇನ್ನು ಬಹುಮಹಡಿಯ ಕಟ್ಟಡದಲ್ಲಿ ಫ್ಲ್ಯಾಟು ಕೊಳ್ಳುವವರ ವಿಚಾರ. ಇವರ ನೆರವಿಗೆ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ಅಂದರೆ ರೇರಾ, ಬಂದಿದೆ. ನೆಲ 500 ಚದರ ಮೀಟರಿಗೆ ಹೆಚ್ಚಾಗಿರುವ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಾಗಿರುವ ಯೋಜನೆಗಳನ್ನು ಮಾರುವ ಮೊದಲು ಪ್ರಾಧಿಕಾರದಲ್ಲಿ ದಾಖಲು ಮಾಡಿಸಲೇಬೇಕು. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡಾ 70ರಷ್ಟನ್ನು ಆ ಯೋಜನೆಗೆಂದೇ ಬೇರೆ ಖಾತೆಯಲ್ಲಿಡಬೇಕು. ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳಬೇಕಾದರೆ ಮೊದಲು ಕರಾರುಪತ್ರವನ್ನು ನೋಂದಣಿ ಮಾಡಿಸಬೇಕು. ಮನೆಯನ್ನು ವಶಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವರೇ ತಮ್ಮ ಖರ್ಚಿನಿಂದ ಸರಿಪಡಿಸಬೇಕು. ಅಳತೆಯ ಮಾತು ಬಂದಾಗ ಗೋಡೆಗಳ ಒಳಗೆ ನಾವು ನಿಜವಾಗಿ ನಡೆದಾಡುವ ನೆಲವೆಷ್ಟು ಎಂದು ಕೇಳಿ, ಅದನ್ನೇ ಪತ್ರದಲ್ಲಿ ಬರೆಸಬೇಕು. ಮೆಟ್ಟಿಲು, ಪಡಸಾಲೆ, ಲಿಫ್ಟು ಇವುಗಳ ಪಾಲನ್ನು ಸೇರಿಸಿ ಸಾವಿರದ ಐನೂರು ಚದರಡಿ ಎನ್ನುವ ಮನೆಯಲ್ಲಿ ಚಾಪೆ ಹಾಸಲು ಸಿಕ್ಕುವ ಸ್ಥಳ ಎಷ್ಟೋ ಕಡಮೆಯಿರುವುದುಂಟು.

ಇದೆಲ್ಲಕ್ಕೂ ಮಿಗಿಲಾಗಿ ಕೇಳಬೇಕಾದುದು ಸ್ವಾಧೀನಾನುಭವ ಪತ್ರ. ಒಪ್ಪಿಗೆಯಾದ ನಕ್ಷೆಯಂತೆಯೇ ಕಟ್ಟಡವು ಮುಗಿದಿದೆ, ಇಲ್ಲಿ ಜನ ವಾಸಿಸಬಹುದು ಎಂದು ಹೇಳುವ ಸಾಕ್ಷಿ ಇದೊಂದೇ. ನಕ್ಷೆಗೆ ಒಪ್ಪಿಗೆಯಾಗಿದೆ ಎಂಬುದು ಇದಕ್ಕೆ ಉತ್ತರವಲ್ಲ. ನಾಲ್ಕು ಮಹಡಿಗೆ ಒಪ್ಪಿಗೆ ಪಡೆದು ಐದು ಕಟ್ಟಿದವರ ಬಳಿಯೂ ಆ ನಕ್ಷೆ ಇರುತ್ತದೆ. ಈ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುಚ್ಛಕ್ತಿ, ಒಳಚರಂಡಿಗಳನ್ನು ಕೊಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿತು. ತರುವಾಯ ತರಿಸಿಕೊಡುತ್ತೇವೆ ಎಂಬ ಮಾತನ್ನು ನಂಬಿ ಒಳಸೇರಿದವರ ಕಷ್ಟ ಆಮೇಲೆ ಕತ್ತಲೆಯಲ್ಲಿ ಕಾಣುವಂಥದು.

ಬ್ಯಾಂಕು ಸಾಲ ಕೊಡುವುದರಿಂದ ಎಲ್ಲವೂ ಸರಿಯಿದೆಯೆಂದು ಹೇಳುವವರಿದ್ದಾರೆ. ಬ್ಯಾಂಕು ನೋಡುವುದು ತನ್ನ ಹಣದ ಕ್ಷೇಮವನ್ನು. ಮನೆ ಹೋದರೂ ಸಾಲ ಹೋಗುವುದಿಲ್ಲ. ಕಂತುಗಳನ್ನು ಕಟ್ಟಬೇಕಾದವರು ನಾವು. ಬ್ಯಾಂಕಿನ ವಕೀಲರು ಪರಿಶೀಲಿಸಿದ್ದರೂ ನಮ್ಮ ಕಡೆಯಿಂದ ಒಬ್ಬ ವಕೀಲರಿಂದ ಬರೆವಣಿಗೆಯಲ್ಲಿ ಅಭಿಪ್ರಾಯ ಪಡೆಯತಕ್ಕದ್ದು. ಹತ್ತಾರು ಲಕ್ಷ ಕೊಡುವವರು ಕೆಲವು ಸಾವಿರಕ್ಕೆ ಹಿಂಜರಿಯುವುದು ಮಿತವ್ಯಯವಲ್ಲ.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಬೇಕು. ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿನ ಮನೆಗೆ 2025ರ ಆಗಸ್ಟ್ 31ರಿಂದ ಜಾರಿಗೆ ಬಂದ ದರದಂತೆ ಮುದ್ರಾಂಕ ಶುಲ್ಕ ಶೇಕಡಾ 5, ಅಂದರೆ 3 ಲಕ್ಷ. ಅದರ ಮೇಲಿನ ಉಪಕರ, ಅಧಿಭಾರ 36 ಸಾವಿರ. ಶೇಕಡಾ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 56 ಸಾವಿರ. ಸರ್ಕಾರದ ಮಾರ್ಗಸೂಚಿ ಬೆಲೆಯು ಕೊಂಡ ಬೆಲೆಗಿಂತ ಹೆಚ್ಚಾಗಿದ್ದರೆ ಲೆಕ್ಕ ಅದರ ಮೇಲೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇಕಡಾ 1ರಷ್ಟನ್ನು ಹಿಡಿದು ಆದಾಯ ತೆರಿಗೆಗೆ ಕಟ್ಟುವ ಹೊಣೆ ಕೊಳ್ಳುವವನದು; 2013ರಿಂದ ಈ ನಿಯಮವಿದೆ. ಶುಲ್ಕ ಉಳಿಸಲೆಂದು ಬೆಲೆಯಲ್ಲಿ ಒಂದು ಭಾಗವನ್ನು ಬರೆಯದೆ ನಗದಾಗಿ ಕೊಡುವವರು ಒಂದು ಮಾತನ್ನು ನೆನಪಿಡಬೇಕು. ನಾಳೆ ವ್ಯವಹಾರ ಕೆಟ್ಟರೆ ಬರೆದ ಹಣವನ್ನು ಮಾತ್ರ ಕೇಳಬಹುದು. ಬರೆಯದ ಹಣಕ್ಕೆ ಸಾಕ್ಷಿಯಿಲ್ಲ.

ಕೊನೆಯದಾಗಿ, ಈಗಾಗಲೇ ಮನೆಯಿರುವವರಿಗೆ ಒಂದು ಬಿನ್ನಹ. ಇದುವರೆಗೆ ಹೇಳಿದುದು ಕೊಳ್ಳುವವರಿಗೆ ಮಾತ್ರವೆಂದು ತಿಳಿಯಬೇಡಿರಿ. ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಖಾತೆಯನ್ನು ಬಿಟ್ಟು ಕಂದಾಯ ಕಟ್ಟುತ್ತಿರುವ ಮನೆಗಳು ನಮ್ಮ ಊರುಗಳಲ್ಲಿ ಅಸಂಖ್ಯಾತ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಪತ್ರಗಳನ್ನು ಹಿಂದಕ್ಕೆ ಪಡೆಯದವರು, ಅಡಮಾನದ ಬಿಡುಗಡೆಯನ್ನು ನೋಂದಣಿ ಮಾಡಿಸದವರು, ಮಹಡಿ ಏರಿಸಿ ನಕ್ಷೆಯನ್ನು ಮರೆತವರು ಬಹಳ ಮಂದಿ. ಅಕ್ಕತಂಗಿಯರಿಗೆ ಕೊಡಬೇಕಾದುದನ್ನು ಕೊಟ್ಟು, ಅವರು ಒಪ್ಪಿ ಬಿಟ್ಟುಕೊಟ್ಟರೆ ಅದನ್ನು ನೋಂದಣಿಯಾದ ಪತ್ರದಲ್ಲಿ ಬರೆಸಿ, ಮನೆಯನ್ನು ನಿರ್ಮಲವಾಗಿಡುವುದು ಯಜಮಾನನ ಕರ್ತವ್ಯ. ಮಾರುವ ಸಮಯದಲ್ಲಿ ತನಗೆ ತಿಳಿದಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಾಣಲಾರದ ದೋಷಗಳನ್ನು ಹೇಳಿಬಿಡುವುದು ಮಾರುವವನ ಹೊಣೆಯೆಂದು 1882ರ ಕಾಯಿದೆಯೇ ಹೇಳುತ್ತದೆ. ಅದನ್ನು ಮುಚ್ಚಿಟ್ಟವನು ಮನೆಯೊಡನೆ ವ್ಯಾಜ್ಯವನ್ನೂ ಮಾರಿದಂತಾಯಿತು.

ಮನೆ ನೋಡಿ ಬಂದ ಸಂಜೆಯೇ ಮುಂಗಡ ಕೊಡಬೇಡಿರಿ. ಇನ್ನೊಬ್ಬರು ಬರುತ್ತಿದ್ದಾರೆ, ನಾಳೆ ಸಿಕ್ಕುವುದಿಲ್ಲ ಎಂದು ಹೇಳುವ ದಲ್ಲಾಳಿಗಳಿಗೆ ಕಿವಿಗೊಡಬೇಡಿರಿ. ಹದಿನೈದು ದಿನ ತಾಳಿರಿ. ಕಾಗದಗಳನ್ನು ಮೇಜಿನ ಮೇಲೆ ಹರಡಿ, ಮನೆಯವರೆಲ್ಲರೂ ಕೂತು, ಒಂದೊಂದಕ್ಕೂ ಅದರದರ ಪ್ರಶ್ನೆಯನ್ನು ಕೇಳಿರಿ. ಕ್ರಯಪತ್ರಕ್ಕೆ ಯಾರಿಂದ ಯಾರಿಗೆ ಎಂದು, ಋಣಭಾರಪತ್ರಕ್ಕೆ ಏನೇನು ದಾಖಲಾಗಿದೆ ಎಂದು, ವಂಶವೃಕ್ಷಕ್ಕೆ ಯಾರು ಬಿಟ್ಟುಹೋಗಿದ್ದಾರೆ ಎಂದು, ಗ್ರಾಮನಕ್ಷೆಗೆ ಇಲ್ಲಿ ಮೊದಲು ಏನಿತ್ತು ಎಂದು ಕೇಳಿರಿ. ಒಂದಕ್ಕೆ ಉತ್ತರ ಸಿಕ್ಕದಿದ್ದರೂ ಎದ್ದುಬನ್ನಿರಿ. ಕೈಬಿಟ್ಟ ಮನೆಯ ದುಃಖ ಒಂದು ತಿಂಗಳದು. ನಮ್ಮ ಉಪಾಧ್ಯಾಯರು ನ್ಯಾಯಾಲಯದ ಕಡೆಗೆ ನಡೆಯುತ್ತಿರುವುದು ಎಷ್ಟು ವರ್ಷಗಳಿಂದ ಎಂದು ಅವರನ್ನು ಕೇಳುವ ಧೈರ್ಯ ಈಚೆಗೆ ನಮಗೂ ಆಗಿಲ್ಲ.